ಎಪ್ಪತ್ತೆಂಟು ಸೀಟುಗಳ ಲೆಕ್ಕ: ಇಂಡಿಗೊ ಮತ್ತು ಹುಬ್ಬಳ್ಳಿ

2025ರ ಡಿಸೆಂಬರ್ ಮೊದಲ ವಾರದಲ್ಲಿ ಹುಬ್ಬಳ್ಳಿಯ ಆರತಕ್ಷತೆಯೊಂದು ದೇಶಕ್ಕೆಲ್ಲ ಸುದ್ದಿಯಾಯಿತು. ಮಂಟಪ ಸಿಂಗಾರಗೊಂಡಿತ್ತು, ಅಡುಗೆ ತಯಾರಿತ್ತು, ಬೀಗರು ನೆಂಟರು ಬಂದು ಕುಳಿತಿದ್ದರು; ಮದುಮಕ್ಕಳು ಹತ್ತಬೇಕಿದ್ದ ವಿಮಾನ ಮಾತ್ರ ಗಂಟೆಗಟ್ಟಲೆ ತಡವಾಗಿ ಕೊನೆಗೆ ರದ್ದಾಗಿತ್ತು. ಕರೆದವರನ್ನು ಹಾಗೆಯೇ ಕಳುಹಿಸಲು ಮನಸ್ಸು ಬಾರದೆ ಹೆಣ್ಣಿನ ತಂದೆ-ತಾಯಿ ವೇದಿಕೆಯ ಕುರ್ಚಿಗಳಲ್ಲಿ ತಾವೇ ಕುಳಿತರು. ಮದುಮಕ್ಕಳು ದೂರದ ಊರಿನಲ್ಲಿ ಆರತಕ್ಷತೆಯ ಉಡುಪು ತೊಟ್ಟು, ದೊಡ್ಡ ಪರದೆಯ ಮೇಲೆ ಕಾಣಿಸಿಕೊಂಡು ಬಂದವರಿಗೆ ಕೈಮುಗಿದರು. ಹೊರಗಿನವರಿಗೆ ಇದು ಹಂಚಿಕೊಂಡು ಮರೆಯುವ ವಿಡಿಯೊ ಆಗಿರಬಹುದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಜನರಿಗೆ ಅದರಲ್ಲಿ ಕಂಡದ್ದು ಬೇರೆ: ನಮ್ಮ ಊರಿನ ಮದುವೆ, ಕೋರ್ಟಿನ ಮುದ್ದತು, ಆಸ್ಪತ್ರೆಯ ಅಪಾಯಿಂಟ್‌ಮೆಂಟು, ಕೆಲಸದ ಸಂದರ್ಶನ ಎಲ್ಲವೂ ಎಲ್ಲೋ ಕುಳಿತು ಹೆಣೆದ ಒಂದು ವೇಳಾಪಟ್ಟಿಗೆ ಗಂಟು ಬಿದ್ದಿವೆ ಎಂಬ ಅರಿವು.

ಆ ವೇಳಾಪಟ್ಟಿ ಇಂಡಿಗೊ ಸಂಸ್ಥೆಯದು. ದೇಶದೊಳಗೆ ವಿಮಾನದಲ್ಲಿ ಹೋಗುವ ಪ್ರತಿ ನೂರು ಜನರಲ್ಲಿ ಸುಮಾರು ಅರವತ್ತೈದು ಜನ ಅದರ ವಿಮಾನಗಳಲ್ಲಿ ಹೋಗುತ್ತಾರೆ. ಹುಬ್ಬಳ್ಳಿಯಂಥ ಊರಿನಲ್ಲಿ ಈ ಪಾಲು ಇನ್ನೂ ಭಾರವಾಗಿ ತೂಗುತ್ತದೆ, ಏಕೆಂದರೆ ದೊಡ್ಡ ನಗರದಲ್ಲಿ ಒಂದು ಸಂಸ್ಥೆಯ ವಿಮಾನ ರದ್ದಾದರೆ ಮತ್ತೊಂದರ ಬಾಗಿಲು ತಟ್ಟಬಹುದು. ಇಲ್ಲಿ ತಟ್ಟಲು ಬಾಗಿಲುಗಳೇ ಕಡಿಮೆ. ಆದ್ದರಿಂದ ಈ ಸಂಸ್ಥೆ ಹೇಗೆ ಬೆಳೆಯಿತು, ಅದರ ವಿಮಾನಗಳು ಯಾವ ಲೆಕ್ಕದ ಮೇಲೆ ಹಾರುತ್ತವೆ ಎಂಬುದನ್ನು ತಿಳಿಯುವುದು ನಮಗೆ ಕುತೂಹಲದ ಮಾತಷ್ಟೇ ಅಲ್ಲ. ಹುಬ್ಬಳ್ಳಿಗೆ ವಿಮಾನಗಳನ್ನು ತಂದ ಲೆಕ್ಕವೂ ಡಿಸೆಂಬರಿನಲ್ಲಿ ಅವುಗಳನ್ನು ನಿಲ್ಲಿಸಿದ ಲೆಕ್ಕವೂ ಒಂದೇ ಎಂಬುದು ನನ್ನ ವಾದ.

ಟಿಕೆಟ್ ವ್ಯವಹಾರದ ಹಿನ್ನೆಲೆಯ ಇಂಟರ್‌ಗ್ಲೋಬ್ ಸಂಸ್ಥೆಯ ರಾಹುಲ್ ಭಾಟಿಯಾ ಮತ್ತು ಅಮೆರಿಕದ ಯುಎಸ್ ಏರ್‌ವೇಸ್ ಅನ್ನು ಹಿಂದೆ ಮುನ್ನಡೆಸಿದ್ದ ರಾಕೇಶ್ ಗಂಗ್ವಾಲ್ ಸೇರಿ ಇಂಡಿಗೊ ಕಟ್ಟಿದರು. 2005ರ ಜೂನ್ ತಿಂಗಳಲ್ಲಿ ಪ್ಯಾರಿಸ್‌ನ ವೈಮಾನಿಕ ಪ್ರದರ್ಶನದಲ್ಲಿ ಅವರು ಏರ್‌ಬಸ್ ಕಂಪನಿಗೆ 100 ಎ320 ವಿಮಾನಗಳ ಬೇಡಿಕೆ ಕೊಟ್ಟಾಗ ಅವರ ಕೈಯಲ್ಲಿ ಹಾರುತ್ತಿದ್ದ ಒಂದು ವಿಮಾನವೂ ಇರಲಿಲ್ಲ. ಮೊದಲ ಹಾರಾಟ ನಡೆದದ್ದು ಮರುವರ್ಷ, 2006ರ ಆಗಸ್ಟ್ 4ರಂದು, ದೆಹಲಿಯಿಂದ ಗುವಾಹಟಿ ಮಾರ್ಗವಾಗಿ ಇಂಫಾಲಕ್ಕೆ. ಲಾರಿ ವ್ಯವಹಾರ ಬಲ್ಲ ನಮ್ಮ ಭಾಗದ ಜನರಿಗೆ ಇದರ ಒಳಗುಟ್ಟನ್ನು ಬಹಳ ವಿವರಿಸಬೇಕಿಲ್ಲ. ಒಂದು ಲಾರಿ ಕೊಳ್ಳುವವನಿಗೂ ನೂರು ಲಾರಿ ಒಟ್ಟಿಗೆ ಕೊಳ್ಳುವವನಿಗೂ ಕಂಪನಿ ಒಂದೇ ದರ ಹೇಳುವುದಿಲ್ಲ. ಇಂಡಿಗೊ ಸಗಟು ದರದಲ್ಲಿ ವಿಮಾನ ಕೊಂಡು, ಅದು ಕೈಗೆ ಬಂದ ಕೂಡಲೇ ಗುತ್ತಿಗೆ ಕಂಪನಿಯೊಂದಕ್ಕೆ ಮಾರಿ, ಅದೇ ವಿಮಾನವನ್ನು ಬಾಡಿಗೆಗೆ ಪಡೆದು ಹಾರಿಸಿತು. ಮಾರಾಟದಿಂದ ಕೈಗೆ ಹಣ ಬಂತು, ಸಾಲದ ಹೊರೆ ತಗ್ಗಿತು. ಐದಾರು ವರ್ಷಗಳ ಬಾಡಿಗೆ ಅವಧಿ ಮುಗಿದು, ದೊಡ್ಡ ರಿಪೇರಿಯ ಕಾಲ ಬರುವ ಹೊತ್ತಿಗೆ ವಿಮಾನವನ್ನು ಮರಳಿಸಿ ಹೊಸದನ್ನು ತರುವುದು ಸಾಧ್ಯವಾಯಿತು.

ಮೊದಲ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅದು ಏರ್‌ಬಸ್ ಎ320 ಎಂಬ ಒಂದೇ ಬಗೆಯ ವಿಮಾನಗಳನ್ನಷ್ಟೇ ಹಾರಿಸಿತು. ಇದರ ಅನುಕೂಲ ಕಣ್ಣಿಗೆ ಬೀಳುವುದಕ್ಕಿಂತ ದೊಡ್ಡದು. ಒಬ್ಬ ಪೈಲಟ್ ರಜೆ ಹಾಕಿದರೆ ಇನ್ಯಾವ ಪೈಲಟ್ ಆದರೂ ಆ ವಿಮಾನ ನಡೆಸಬಹುದು. ಒಂದೇ ಬಗೆಯ ಬಿಡಿಭಾಗ ಸಾಕು, ಒಂದೇ ತರಬೇತಿ ಸಾಕು. ವಿಮಾನದೊಳಗೆ ಒಂದೇ ದರ್ಜೆ, ಊಟ ಬೇಕಾದವರಿಗೆ ದುಡ್ಡಿಗೆ ಊಟ. ಇಳಿದ ವಿಮಾನ ಅರ್ಧ ಗಂಟೆಯೊಳಗೆ ಮತ್ತೆ ಏರಬೇಕು, ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ಗಾಳಿಯಲ್ಲಿರಬೇಕು ಎಂಬ ಶಿಸ್ತು. ನೆಲದ ಮೇಲೆ ನಿಂತ ವಿಮಾನಕ್ಕೂ ಬಾಡಿಗೆ ಕಟ್ಟಬೇಕಲ್ಲ!

ಇಷ್ಟರ ನಡುವೆ ಬೇರೆಯವರು ಒಬ್ಬೊಬ್ಬರಾಗಿ ಬಿದ್ದರು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ಪ್ರತಿ ಕುಸಿತದ ನಂತರ ಖಾಲಿಯಾದ ಜಾಗವನ್ನು ತುಂಬಲು ವಿಮಾನಗಳು ಸಿದ್ಧವಾಗಿದ್ದದ್ದು ಇಂಡಿಗೊ ಬಳಿಯೇ. 2012ರಲ್ಲೇ ಅದು ದೇಶದ ಅತಿ ದೊಡ್ಡ ವಿಮಾನಸಂಸ್ಥೆಯಾಗಿತ್ತು. 2023ರಲ್ಲಿ ಒಂದೇ ವರ್ಷದಲ್ಲಿ ಹತ್ತು ಕೋಟಿ ಪ್ರಯಾಣಿಕರನ್ನು ಸಾಗಿಸಿತು, ಮತ್ತು ಅದೇ ವರ್ಷ ಪ್ಯಾರಿಸ್‌ನಲ್ಲಿ ಒಮ್ಮೆಗೇ 500 ವಿಮಾನಗಳ ಬೇಡಿಕೆ ಕೊಟ್ಟಿತು. ಈ ಬೆಳವಣಿಗೆಯನ್ನು ಕೇವಲ ಅದೃಷ್ಟ ಎನ್ನುವುದು ಅನ್ಯಾಯ. ಆದರೆ ಅದರ ಇನ್ನೊಂದು ಮುಖ, ಆಯ್ಕೆಗಳು ಕರಗುತ್ತ ಬಂದದ್ದು, ಹುಬ್ಬಳ್ಳಿಯಂಥ ಊರಿನ ಕತೆಯಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ, ಅದರ ಮೊದಮೊದಲ ಮಾರ್ಗಗಳಲ್ಲಿ ಹುಬ್ಬಳ್ಳಿಯೂ ಇತ್ತು. 48 ಸೀಟುಗಳ ಎಟಿಆರ್-42 ವಿಮಾನ ಗೋಕುಲ ರಸ್ತೆಯ ಪುಟ್ಟ ನಿಲ್ದಾಣಕ್ಕೆ ಬಂದಿಳಿದದ್ದು, ರೈಲಿನ ಎಸಿ ದರ್ಜೆಯ ದುಡ್ಡಿಗೆ ಹತ್ತಿರದ ದರದಲ್ಲಿ ವಿಮಾನ ಏರಬಹುದು ಎಂಬ ಯೋಚನೆಯೇ ಹೊಸದಾಗಿದ್ದ ಕಾಲದಲ್ಲಿ. ಆ ಸಂಸ್ಥೆ ಕಿಂಗ್‌ಫಿಷರ್ ಕೈ ಸೇರಿತು, ಕಿಂಗ್‌ಫಿಷರ್ ಕುಸಿದಾಗ ಹುಬ್ಬಳ್ಳಿಯ ಸೇವೆಯೂ ಹೋಯಿತು. ಬಳಿಕ ಸ್ಪೈಸ್‌ಜೆಟ್ ತನ್ನ ಕ್ಯೂ400 ವಿಮಾನಗಳೊಂದಿಗೆ ಬಂದಿತು. 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಬಂದ ಅದರ ವಿಮಾನವೊಂದು ಮಳೆಯಲ್ಲಿ ಇಳಿಯುವಾಗ ರನ್‌ವೇ ಬಿಟ್ಟು ಜಾರಿದ್ದನ್ನು ಇಲ್ಲಿಯ ಜನ ಮರೆತಿಲ್ಲ. ಅದೃಷ್ಟಕ್ಕೆ ಪ್ರಯಾಣಿಕರೆಲ್ಲ ಪಾರಾದರು. ಅದೇ ವರ್ಷದ ಕೊನೆಯಲ್ಲಿ, ಗದಗಿನಲ್ಲಿ 1976ರಲ್ಲಿ ಒಂದು ಲಾರಿಯಿಂದ ಆರಂಭವಾಗಿ ಹುಬ್ಬಳ್ಳಿಯಲ್ಲಿ ಬೆಳೆದ ವಿಆರ್‌ಎಲ್‌ನ ಪ್ರವರ್ತಕರು ಪ್ರಾದೇಶಿಕ ವಿಮಾನಸಂಸ್ಥೆ ಕಟ್ಟುವ ಯೋಜನೆ ಪ್ರಕಟಿಸಿದರು. ಸುದ್ದಿ ಹೊರಬಿದ್ದ ಕೂಡಲೇ ಕಂಪನಿಯ ಷೇರಿನ ಬೆಲೆ ಬಿದ್ದಿತು, ಯೋಜನೆಯನ್ನು ಕೈಬಿಡಲಾಯಿತು. ಬಸ್ಸು-ಲಾರಿಗಳ ಲೆಕ್ಕದಲ್ಲಿ ಪಳಗಿದ ನೆಲದ ಮನೆತನವೊಂದು ಆಕಾಶದ ಲೆಕ್ಕಕ್ಕೆ ಕೈ ಹಾಕಿದರೆ ಹೂಡಿಕೆದಾರರು ಅಷ್ಟು ಹೆದರುತ್ತಾರೆ ಎಂದರೆ, ಸಣ್ಣ ಊರುಗಳ ವಿಮಾನ ವ್ಯವಹಾರದಲ್ಲಿ ಲಾಭದ ಅಂಚು ಎಷ್ಟು ತೆಳು ಎಂಬುದು ಗೊತ್ತಾಗುತ್ತದೆ.

2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ಕಟ್ಟಡ ಮತ್ತು ಉದ್ದ ಹೆಚ್ಚಿಸಿದ ರನ್‌ವೇ ಉದ್ಘಾಟನೆಯಾಗಿ, ಏರ್‌ಬಸ್ 320 ಗಾತ್ರದ ವಿಮಾನ ಇಳಿಯುವ ಅನುಕೂಲ ಹುಬ್ಬಳ್ಳಿಗೆ ಸಿಕ್ಕಿತು. ಮುಂದಿನ ತಿಂಗಳಲ್ಲೇ, ಸಣ್ಣ ಊರುಗಳಿಗೂ ಕಡಿಮೆ ದರದ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯ ಎರಡನೆಯ ಸುತ್ತಿನಲ್ಲಿ ಊರಿನ ಹೆಸರು ಬಂದಿತು. 2018ರಲ್ಲಿ ಸ್ಪೈಸ್‌ಜೆಟ್ ಮತ್ತು ಇಂಡಿಗೊ, 2019ರ ಜನವರಿ 25ರಂದು ಸ್ಟಾರ್ ಏರ್ ಇಲ್ಲಿಂದ ಹಾರತೊಡಗಿದವು. ಸ್ಟಾರ್ ಏರ್ ತನ್ನ ಇಡೀ ಸಂಸ್ಥೆಯ ವಾಣಿಜ್ಯ ಹಾರಾಟವನ್ನೇ ಬೆಂಗಳೂರು-ಹುಬ್ಬಳ್ಳಿ-ತಿರುಪತಿ ಮಾರ್ಗದಿಂದ ಆರಂಭಿಸಿತು. ಅದೇ ವರ್ಷದ ನವೆಂಬರಿನಲ್ಲಿ 50 ಸೀಟುಗಳ ವಿಮಾನದಲ್ಲಿ ದೆಹಲಿ ಪಕ್ಕದ ಹಿಂಡನ್‌ಗೆ ನೇರ ಸೇವೆ ಕೊಟ್ಟಿತು. ಒಂದೆರಡು ವರ್ಷ ಈ ಭಾಗದ ಜನರು ಆಕಾಶದತ್ತ ನೋಡಿ ಹೆಮ್ಮೆಪಟ್ಟ ಕಾಲ ಅದು. ಅಹಮದಾಬಾದ್, ಕೊಚ್ಚಿ, ಕಣ್ಣೂರು, ಗೋವಾ, ಮಂಗಳೂರು ಇವೆಲ್ಲ ಹುಬ್ಬಳ್ಳಿಯ ವೇಳಾಪಟ್ಟಿಗೆ ಬಂದ ಹೆಸರುಗಳು. ಬಂದಷ್ಟೇ ಬೇಗ ಹೋದ ಹೆಸರುಗಳೂ ಹೌದು.

ಏಕೆ ಹೋದವು ಎಂಬುದಕ್ಕೆ ಉಡಾನ್ ಯೋಜನೆಯ ರಚನೆಯಲ್ಲೇ ಉತ್ತರವಿದೆ. ಸುಮಾರು ಒಂದು ಗಂಟೆಯ ಹಾರಾಟಕ್ಕೆ ₹2,500 ಎಂಬ ಮಿತಿಯನ್ನು ವಿಮಾನದ ಅರ್ಧದಷ್ಟು ಸೀಟುಗಳಿಗೆ ಹಾಕಲಾಯಿತು. ಅದರಿಂದ ಬರುವ ನಷ್ಟವನ್ನು ತುಂಬಲು ಮೂರು ವರ್ಷ ಸಹಾಯಧನ, ಆ ಮೂರು ವರ್ಷ ಅದೇ ಮಾರ್ಗದಲ್ಲಿ ಮತ್ತೊಬ್ಬರಿಗೆ ಉಡಾನ್ ಪ್ರವೇಶವಿಲ್ಲದ ರಕ್ಷಣೆ. ಸಹಾಯಧನಕ್ಕೆ ಬೇಕಾದ ಹಣ ಮುಖ್ಯ ಮಾರ್ಗಗಳ ವಿಮಾನಗಳ ಮೇಲಿನ ಸುಂಕದಿಂದ ಬರುತ್ತದೆ, ಐದನೆಯ ಒಂದು ಭಾಗವನ್ನು ರಾಜ್ಯ ಸರ್ಕಾರ ಕೊಡುತ್ತದೆ, ಜೊತೆಗೆ ವಿಮಾನ ಇಂಧನದ ಮೇಲಿನ ತೆರಿಗೆಯನ್ನು ಶೇ 1ಕ್ಕೆ ಇಳಿಸುತ್ತದೆ. ಮೂರು ವರ್ಷಗಳಲ್ಲಿ ಜನ ರೂಢಿಯಾಗುತ್ತಾರೆ, ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬುದು ನಿರೀಕ್ಷೆ. ಮಹಾಲೇಖಪಾಲರ 2023ರ ವರದಿ ಈ ನಿರೀಕ್ಷೆಯ ಪಾಡನ್ನು ಅಂಕಿಗಳಲ್ಲಿ ಹೇಳಿತು: ಮೂರನೆಯ ಸುತ್ತಿನವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ, ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112, ಆ ಅವಧಿ ಮುಗಿದ ಮೇಲೂ, 2023ರ ಮಾರ್ಚ್‌ವರೆಗೆ, ಉಳಿದದ್ದು 54 ಮಾತ್ರ. ಹುಬ್ಬಳ್ಳಿಯ ಮೂರು ವರ್ಷಗಳ ನಡುವೆಯೇ ಕೋವಿಡ್ ಬಂದಿತು. ಆ ಬಿರುಗಾಳಿ ದಾಟಿದ ಮೇಲೆ ಉಳಿದದ್ದು ಬಹುಪಾಲು, ಸಹಾಯಧನವಿಲ್ಲದೆಯೂ ಲೆಕ್ಕ ಕೂಡಿಸಬಲ್ಲ ಸಂಸ್ಥೆಯ, ಸಹಾಯಧನವಿಲ್ಲದೆಯೂ ತುಂಬಬಲ್ಲ ಮಾರ್ಗಗಳು.

ಆ ಲೆಕ್ಕ ನೋಡಬೇಕಾದರೆ ಎಟಿಆರ್ ವಿಮಾನದ ಹತ್ತಿರ ನಿಲ್ಲಬೇಕು. ಗೋಕುಲ ರಸ್ತೆಯ ನಿಲ್ದಾಣದಲ್ಲಿ ಪಂಖದ ಆ ವಿಮಾನ ಬಂದು ನಿಂತ ತಕ್ಷಣ ಒಬ್ಬ ಕೆಲಸಗಾರ ಓಡಿಬಂದು ಅದರ ಬಾಲದ ಕೆಳಗೆ ಊರುಗೋಲಿನಂಥ ಕಂಬವೊಂದನ್ನು ನಿಲ್ಲಿಸುತ್ತಾನೆ. ಈ ವಿಮಾನಕ್ಕೆ ಪ್ರಯಾಣಿಕರ ಬಾಗಿಲು ಹಿಂಬದಿಯಲ್ಲಿದೆ, ಲಗೇಜಿನ ಬಾಗಿಲು ಮುಂದಿದೆ. ಜನರೆಲ್ಲ ಹಿಂದೆ ಗುಂಪಾಗಿ ನಿಂತಾಗ ಮೂತಿ ಎದ್ದು ಬಾಲ ನೆಲಕ್ಕೆ ಬಡಿಯದಿರಲಿ ಎಂದು ಆ ಊರುಗೋಲು. ಬಾಗಿಲಿನಲ್ಲೇ ಮೆಟ್ಟಿಲುಗಳಿವೆ, ಪ್ರತ್ಯೇಕ ಏಣಿ ತರಬೇಕಿಲ್ಲ. ಏರ್‌ಬಸ್‌ನಲ್ಲಿ ನೆಲದ ಮೇಲಿದ್ದಾಗ ವಿದ್ಯುತ್ ಕೊಡಲು ಬಾಲದಲ್ಲಿ ಒಂದು ಚಿಕ್ಕ ಎಂಜಿನ್ ಇರುತ್ತದೆ. ಎಟಿಆರ್‌ಗೆ ಅದೂ ಇಲ್ಲ, ಬಲಗಡೆಯ ಎಂಜಿನ್ನಿನ ಪಂಖಕ್ಕೆ ಬ್ರೇಕ್ ಹಾಕಿ, ಎಂಜಿನ್ನನ್ನು ಮಾತ್ರ ಓಡಿಸಿ ಅದರಿಂದಲೇ ವಿದ್ಯುತ್ ಪಡೆಯುವ ಏರ್ಪಾಡು ಇದೆ. ಬಂದವರು ಇಳಿದು ಟರ್ಮಿನಲ್ಲಿನತ್ತ ನಡೆಯುತ್ತಿರುವಂತೆಯೇ ಮೂಟೆ, ಸೂಟ್‌ಕೇಸು ಇಳಿಯುತ್ತವೆ, ಹೊಸವು ಏರುತ್ತವೆ. ಅರ್ಧ ಗಂಟೆಯೊಳಗೆ ಊರುಗೋಲು ತೆಗೆದಾಗಿರುತ್ತದೆ.

ಇಂಡಿಗೊ 2017ರಲ್ಲಿ 50 ಎಟಿಆರ್ 72-600 ವಿಮಾನಗಳಿಗೆ ಬೇಡಿಕೆ ಕೊಟ್ಟಾಗ, ಒಂದೇ ಬಗೆಯ ವಿಮಾನ ಎಂಬ ತನ್ನ ಹಳೆಯ ನೇಮವನ್ನು ತಾನೇ ಮುರಿಯಿತು. ಮುರಿಯುವುದಕ್ಕೆ ಕಾರಣ ನಮ್ಮಂಥ ಊರುಗಳೇ. ಹುಬ್ಬಳ್ಳಿಯಿಂದ ಬೆಂಗಳೂರು, ಪುಣೆ, ಹೈದರಾಬಾದ್, ಮುಂಬೈ ನಾಲ್ಕೂ ಆಕಾಶಮಾರ್ಗದಲ್ಲಿ 500 ಕಿಲೊಮೀಟರಿನೊಳಗಿವೆ. ಇಷ್ಟು ಹತ್ತಿರದ ಹಾರಾಟದಲ್ಲಿ ಜೆಟ್ ವಿಮಾನ ಎತ್ತರಕ್ಕೇರಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಪಂಖದ ವಿಮಾನ ನಿಧಾನ, ಆದರೆ ಇಂಧನ ಬಹಳ ಕಡಿಮೆ ಕುಡಿಯುತ್ತದೆ. ದೆಹಲಿ ಮಾತ್ರ ಸುಮಾರು 1,500 ಕಿಲೊಮೀಟರ್ ದೂರ, ಅದಕ್ಕೆ ಏರ್‌ಬಸ್ಸೇ ಬೇಕು; 2022ರ ನವೆಂಬರ್ 14ರಂದು ಇಂಡಿಗೊ ಆ ಸೇವೆ ಆರಂಭಿಸಿತು.

ಇನ್ನು ಸೀಟುಗಳ ಸಂಖ್ಯೆ. ಇಂಡಿಗೊದ ಎಟಿಆರ್‌ನಲ್ಲಿ 78 ಸೀಟುಗಳಿವೆ, ಮತ್ತು ಆ ಸಂಖ್ಯೆಗೆ ಅರ್ಥವಿದೆ. ದೇಶೀಯ ಸಂಸ್ಥೆಗಳ 80ಕ್ಕಿಂತ ಕಡಿಮೆ ಸೀಟುಗಳ ವಿಮಾನಕ್ಕೆ ನಿಲ್ದಾಣದಲ್ಲಿ ಇಳಿಯುವ ಶುಲ್ಕದಿಂದ ವಿನಾಯಿತಿ ಇದೆ. ವಿಮಾನದ ತೂಕ 40 ಟನ್ನಿಗಿಂತ ಕಡಿಮೆಯಿದ್ದರೆ ಅದಕ್ಕೆ ತುಂಬುವ ಇಂಧನಕ್ಕೂ ರಾಜ್ಯಗಳ ಭಾರಿ ತೆರಿಗೆಯ ಬದಲು ಕಡಿಮೆ ದರ ಅನ್ವಯಿಸುತ್ತದೆ. ಎಟಿಆರ್ 72ರ ಗರಿಷ್ಠ ತೂಕ ಸುಮಾರು 23 ಟನ್. ವಿಮಾನ ಇಂಧನವನ್ನು ಇಂದಿಗೂ ಜಿಎಸ್‌ಟಿಗೆ ಸೇರಿಸಿಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು ತೆರಿಗೆ, ಮತ್ತು ವಿಮಾನಸಂಸ್ಥೆಗಳ ಖರ್ಚಿನಲ್ಲಿ ಅತಿ ದೊಡ್ಡ ಬಾಬತ್ತು ಇಂಧನವೇ ಎಂಬುದನ್ನು ನೆನೆದರೆ ಈ ರಿಯಾಯಿತಿಯ ತೂಕ ತಿಳಿಯುತ್ತದೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯೂ ಇದೆ. ವಿಮಾನ ಚಿಕ್ಕದಾದರೂ ಪೈಲಟ್‌ಗಳು ಇಬ್ಬರು ಬೇಕೇ ಬೇಕು. 186 ಸೀಟುಗಳ ಏರ್‌ಬಸ್‌ನಲ್ಲಿ ಒಬ್ಬ ಪೈಲಟ್ಟಿನ ಸಂಬಳ 93 ಸೀಟುಗಳ ಮೇಲೆ ಹಂಚಿಹೋಗುತ್ತದೆ, ಎಟಿಆರ್‌ನಲ್ಲಿ 39ರ ಮೇಲೆ. ಪ್ರತಿ 50 ಸೀಟಿಗೆ ಒಬ್ಬರಂತೆ ಗಗನಸಖಿಯರು ಇರಬೇಕು ಎಂಬ ನಿಯಮದಂತೆ ಇಲ್ಲಿ ಇಬ್ಬರು, ಅಲ್ಲಿ ನಾಲ್ವರು. ಎಟಿಆರ್ ಪೈಲಟ್ ಏರ್‌ಬಸ್ ನಡೆಸುವಂತಿಲ್ಲ, ಏರ್‌ಬಸ್ ಪೈಲಟ್ ಎಟಿಆರ್ ನಡೆಸುವಂತಿಲ್ಲ. ಪ್ರತಿ ಬಗೆಗೂ ಪ್ರತ್ಯೇಕ ಪರವಾನಗಿ. ಆದ್ದರಿಂದ ಈ ಪುಟ್ಟ ವಿಮಾನ ಲಾಭ ತರಬೇಕಾದರೆ ಅದು ಬೆಳಗಿನಿಂದ ರಾತ್ರಿವರೆಗೆ ನಿಲ್ಲದೆ ಊರಿಂದೂರಿಗೆ ತಿರುಗುತ್ತಿರಬೇಕು. ಬೆಂಗಳೂರಿನಿಂದ ಹುಬ್ಬಳ್ಳಿಗೆ, ಮರಳಿ ಬೆಂಗಳೂರಿಗೆ, ಅಲ್ಲಿಂದ ಇನ್ನೊಂದು ಊರಿಗೆ, ಮತ್ತೆ ಬೆಂಗಳೂರಿಗೆ: ಒಂದೇ ವಿಮಾನ, ದಿನಕ್ಕೆ ಆರೇಳು ಹಾರಾಟ. ಮುಂಜಾನೆ ಬೇರೊಂದು ಊರಿನ ಮಂಜಿನಲ್ಲಿ ಸಿಕ್ಕ ಮುಕ್ಕಾಲು ಗಂಟೆಯ ತಡ ಸಂಜೆಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಎರಡು ಗಂಟೆಯ ತಡವಾಗಿ ಬಂದಿಳಿಯುವುದು ಹೀಗೆ. ನಿಲ್ದಾಣದಲ್ಲಿ ಕುಳಿತ ಪ್ರಯಾಣಿಕರು ಆಕಾಶ ನೋಡಿ, ಇಲ್ಲಿ ಬಿಸಿಲಿದೆಯಲ್ಲ, ವಿಮಾನ ಏಕೆ ಬಂದಿಲ್ಲ ಎಂದು ಕೇಳುತ್ತಾರೆ. ಕೌಂಟರಿನಲ್ಲಿ ನಿಂತ ಹುಡುಗಿಗೆ ಉತ್ತರ ಗೊತ್ತಿದ್ದರೂ ಅವಳ ಕೈಯಲ್ಲಿ ಏನೂ ಇರುವುದಿಲ್ಲ.

ಈಗ ಡಿಸೆಂಬರಿಗೆ ಬರಬಹುದು. ಪೈಲಟ್‌ಗಳ ದಣಿವು ಹೊಸ ದೂರಲ್ಲ. ನಿದ್ದೆಗೆಟ್ಟ ಪೈಲಟ್ ಕೈಯಲ್ಲಿ ಇನ್ನೂರು ಜೀವಗಳಿರುತ್ತವೆ ಎಂಬ ಕಾರಣಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಜನವರಿಯಲ್ಲಿ ಕೆಲಸದ ಅವಧಿಯ ಹೊಸ ನಿಯಮ ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಎಂದರೆ ಹನ್ನೆರಡರಿಂದ ಐದರವರೆಗೆ ಎಂದಿದ್ದದ್ದು ಆರರವರೆಗೆ ಎಂದಾಯಿತು. ಪೈಲಟ್ ಒಬ್ಬರು ರಾತ್ರಿವೇಳೆ ಆರು ಬಾರಿ ಇಳಿಸಬಹುದಾಗಿದ್ದದ್ದು ಎರಡು ಬಾರಿಗೆ ಇಳಿಯಿತು. ಸಂಸ್ಥೆಗಳ ಆಕ್ಷೇಪದಿಂದ ಜಾರಿ ಮುಂದೆ ಹೋಗಿ, ವಿಷಯ ದೆಹಲಿ ಹೈಕೋರ್ಟಿನ ಮುಂದೆ ಬಂದು, ಕೊನೆಗೆ 2025ರ ಜುಲೈ 1 ಮತ್ತು ನವೆಂಬರ್ 1 ಎಂದು ಎರಡು ಹಂತಗಳಲ್ಲಿ ಜಾರಿಯಾಯಿತು. ಅಂದರೆ ಸಿದ್ಧತೆಗೆ ಸುಮಾರು ಎರಡು ವರ್ಷ ಸಿಕ್ಕಿತ್ತು. ನಿಯಮ ಅನಿರೀಕ್ಷಿತವಾಗಿ ಬಂದು ಬಿತ್ತು ಎಂಬ ಮಾತನ್ನು ಒಪ್ಪಲು ಸಾಧ್ಯವಿಲ್ಲ.

ಬೇರೆ ಸಂಸ್ಥೆಗಳು ಹೇಗೋ ನಿಭಾಯಿಸಿದ್ದನ್ನು ಇಂಡಿಗೊಗೆ ನಿಭಾಯಿಸಲಾಗಲಿಲ್ಲ, ಏಕೆಂದರೆ ದಿನಕ್ಕೆ 2,200ಕ್ಕೂ ಹೆಚ್ಚು ಹಾರಾಟಗಳ ಅದರ ಜಾಲ ಬಿಗಿದ ತಂತಿಯಂತೆ ಹೆಣೆದಿತ್ತು. ಹೆಚ್ಚುವರಿ ಪೈಲಟ್‌ಗಳನ್ನು ಮೀಸಲಿಡುವುದು ಆ ಲೆಕ್ಕದಲ್ಲಿ ಖರ್ಚು, ನೆಲದ ಮೇಲೆ ನಿಂತ ವಿಮಾನದ ಹಾಗೆಯೇ. ಡಿಜಿಸಿಎ ಲೆಕ್ಕದಂತೆ ಡಿಸೆಂಬರ್ 3ರಿಂದ 5ರವರೆಗಿನ ಮೂರೇ ದಿನಗಳಲ್ಲಿ 2,507 ಹಾರಾಟಗಳು ರದ್ದಾದವು, 1,852 ತಡವಾದವು, ಮೂರು ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಸರ್ಕಾರ 500 ಕಿಲೊಮೀಟರಿನೊಳಗಿನ ಟಿಕೆಟ್ಟಿಗೆ ₹7,500 ಮೀರಬಾರದೆಂಬ ಮಿತಿ ಹಾಕಿತು, ಚಳಿಗಾಲದ ವೇಳಾಪಟ್ಟಿಯಲ್ಲಿ ಶೇ 10ರಷ್ಟು ಹಾರಾಟ ಕಡಿತಗೊಳಿಸಲು ಆದೇಶಿಸಿತು. 2026ರ ಜನವರಿಯಲ್ಲಿ ಡಿಜಿಸಿಎ ₹22.20 ಕೋಟಿ ದಂಡ ವಿಧಿಸಿದಾಗ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು, ಸಂಪನ್ಮೂಲಗಳನ್ನು ಅತಿಯಾಗಿ ಹಿಂಡಿ, ಏರುಪೇರು ತಡೆಯುವಷ್ಟು ಮೀಸಲು ಉಳಿಸದಿದ್ದದ್ದು. ಇಷ್ಟಾದರೂ ಗಾಸಿಗೊಳಿಸುವ ಸಂಗತಿ ಬೇರೆಯೇ ಇದೆ: ಗೊಂದಲ ತಣಿಸಲು ಇಂಡಿಗೊಗೆ ರಾತ್ರಿ ಹಾರಾಟದ ನಿಯಮಗಳಿಂದ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಡಬೇಕಾಯಿತು, ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಎಣಿಸಬಾರದು ಎಂಬ ನಿಬಂಧನೆಯನ್ನು ಎಲ್ಲ ಸಂಸ್ಥೆಗಳಿಗೂ ಸಡಿಲಿಸಬೇಕಾಯಿತು. ಸುರಕ್ಷತೆಗಾಗಿ ಮಾಡಿದ ನಿಯಮವನ್ನು ಪಾಲಿಸದವರ ಗಾತ್ರವೇ ನಿಯಮವನ್ನು ಬಾಗಿಸಿತು. ಒಂದೇ ಸಂಸ್ಥೆ ಅರ್ಧಕ್ಕೂ ಹೆಚ್ಚು ಆಕಾಶವನ್ನು ಹಿಡಿದಿದ್ದರೆ ನಿಯಂತ್ರಕನಿಗೂ ಆಯ್ಕೆ ಉಳಿಯುವುದಿಲ್ಲ ಎಂಬುದನ್ನು ನಾವು ಕಣ್ಣಾರೆ ಕಂಡೆವು.

ಹುಬ್ಬಳ್ಳಿಗೆ ಪೆಟ್ಟು ಬಿದ್ದ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪೈಲಟ್‌ಗಳು ಬಗೆಬಗೆಗೆ ಪ್ರತ್ಯೇಕವಾದ್ದರಿಂದ ಎಟಿಆರ್ ಹಾರಾಟ ನಿಲ್ಲಿಸಿ ಏರ್‌ಬಸ್‌ಗೆ ಪೈಲಟ್ ಒದಗಿಸುವಂತಿರಲಿಲ್ಲ. ರಾತ್ರಿ ಇಳಿಸುವಿಕೆಯ ಮಿತಿಯೂ ಹಗಲು ಹಾರುವ ಎಟಿಆರ್‌ಗಳಿಗಿಂತ ರಾತ್ರಿಯಿಡೀ ಹಾರುವ ಏರ್‌ಬಸ್‌ಗಳನ್ನೇ ಹೆಚ್ಚು ಕಟ್ಟಿಹಾಕಿತು. ನಮ್ಮ ಊರಿನ ತೊಂದರೆ ಬಂದದ್ದು ಹೆಚ್ಚಾಗಿ ಬೆಂಗಳೂರಿನ ಮೂಲಕ. ಹುಬ್ಬಳ್ಳಿಯಿಂದ ವಿಮಾನ ಹತ್ತುವ ಅನೇಕರು ಬೆಂಗಳೂರಿಗೆ ಹೋಗುವವರಲ್ಲ, ಬೆಂಗಳೂರು ದಾಟಿ ಹೋಗುವವರು, ಬರುವವರೂ ಹಾಗೆಯೇ. ದೂರದ ಊರಿನ ವಿಮಾನ ಬೆಂಗಳೂರಿಗೆ ಬಾರದಿದ್ದರೆ, ಬೆಂಗಳೂರಿನಿಂದ ಹುಬ್ಬಳ್ಳಿಯ ಎಟಿಆರ್ ಸಮಯಕ್ಕೆ ಸರಿಯಾಗಿ ಹಾರಿದರೂ ಪ್ರಯೋಜನವಿಲ್ಲ. ಆರತಕ್ಷತೆಯ ಮದುಮಕ್ಕಳು ಸಿಕ್ಕಿಕೊಂಡದ್ದೂ ಇಂಥ ಎರಡು ಕೊಂಡಿಗಳ ಪ್ರಯಾಣದಲ್ಲೇ. ನೇರ ವಿಮಾನಗಳು ಕಡಿಮೆಯಾದಷ್ಟೂ ಈ ಕೊಂಡಿಗಳ ಮೇಲಿನ ಅವಲಂಬನೆ ಹೆಚ್ಚುತ್ತದೆ. ಕೊಚ್ಚಿ, ಅಹಮದಾಬಾದ್ ಮಾರ್ಗಗಳನ್ನು ಕಳೆದುಕೊಂಡಾಗ ನಾವು ಕಳೆದುಕೊಂಡದ್ದು ಆ ಊರುಗಳನ್ನಷ್ಟೇ ಅಲ್ಲ.

ಬೆಂಗಳೂರಿಗಷ್ಟೇ ಹೋಗುವವರಿಗೆ ರಾತ್ರಿಯ ಸ್ಲೀಪರ್ ಬಸ್ಸುಗಳಿವೆ, ರಾತ್ರಿಯ ರೈಲುಗಳಿವೆ, 2023ರ ಜೂನ್‌ನಿಂದ ಧಾರವಾಡದ ವಂದೇ ಭಾರತ್ ಇದೆ. ಸುಮಾರು 410 ಕಿಲೊಮೀಟರಿನ ಹೆದ್ದಾರಿಯ ಈ ದಾರಿಯಲ್ಲಿ ವಿಮಾನಕ್ಕೆ ನಿಜವಾದ ಸ್ಪರ್ಧೆ ಕೊಡುತ್ತಿರುವುದು ಇನ್ನೊಂದು ವಿಮಾನಸಂಸ್ಥೆಯಲ್ಲ, ರಾತ್ರಿ ಹತ್ತಕ್ಕೆ ಹತ್ತಿ ಬೆಳಿಗ್ಗೆ ಇಳಿಯುವ ಬಸ್ಸು. ದೆಹಲಿಯಂಥ ದೂರದ ಊರಿಗೆ ಹೋಗುವವರಿಗೆ ಆ ಆಸರೆ ಇಲ್ಲ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಬರುವ ವಕೀಲರು, ಐಐಟಿಯ ಅಧ್ಯಾಪಕರು, ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಗೆ ಬರುವ ಗುತ್ತಿಗೆದಾರರು, ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಬರುವ ದೂರದ ಖರೀದಿದಾರರು ಇವರೆಲ್ಲ ಇದೇ ಗೋಕುಲ ರಸ್ತೆಯನ್ನು ನಂಬಿದ್ದಾರೆ. ಗದಗ, ಹಾವೇರಿಗಳಿಗೂ ಇದೇ ಹತ್ತಿರದ ನಿಲ್ದಾಣ.

ಪ್ರಯಾಣಿಕರು ತಿಳಿದಿರಬೇಕಾದ ಒಂದೆರಡು ಸಂಗತಿಗಳನ್ನು ಇಲ್ಲೇ ಹೇಳುವುದು ಒಳ್ಳೆಯದು, ಏಕೆಂದರೆ ಕೌಂಟರಿನಲ್ಲಿ ಇವನ್ನು ಯಾರೂ ತಾವಾಗಿ ಹೇಳುವುದಿಲ್ಲ. ವಿಮಾನ ರದ್ದಾದರೆ ಬೇರೆ ವಿಮಾನ ಅಥವಾ ಪೂರ್ಣ ಹಣ, ಯಾವುದು ಬೇಕೆಂದು ಆರಿಸುವ ಹಕ್ಕು ಪ್ರಯಾಣಿಕರದು. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ, ಡಿಜಿಸಿಎ ನಿಯಮದಂತೆ, ಒಂದು ಗಂಟೆಯೊಳಗಿನ ಹಾರಾಟಕ್ಕೆ ₹5,000, ಒಂದರಿಂದ ಎರಡು ಗಂಟೆಯದಕ್ಕೆ ₹7,500, ಅದಕ್ಕೂ ಹೆಚ್ಚಿನದಕ್ಕೆ ₹10,000, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಕಡಿಮೆಯಾದದ್ದು ಪರಿಹಾರವಾಗಿ ಸಿಗಬೇಕು. ಹವಾಮಾನದಂಥ ಸಂಸ್ಥೆಯ ಕೈಮೀರಿದ ಕಾರಣಗಳಿಗೆ ಇದು ಅನ್ವಯಿಸದು. ಪೈಲಟ್‌ಗಳ ಕೊರತೆ ಕೈಮೀರಿದ ಕಾರಣವಲ್ಲ. ಬೆಂಗಳೂರಿನಲ್ಲಿ ವಿಮಾನ ಬದಲಿಸುವವರು ಎರಡೂ ಹಾರಾಟಗಳನ್ನು ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಕಾಯ್ದಿರಿಸುವುದು ಲೇಸು. ಬೇರೆ ಬೇರೆ ಟಿಕೆಟ್ ಕೊಂಡು ನಾಲ್ಕು ನೂರು ಉಳಿಸಿದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಕೇಳುವವರಿರುವುದಿಲ್ಲ.

ಊರಾಗಿ ನಾವು ಏನು ಕೇಳಬೇಕು ಎಂಬುದು ಮುಂದಿನ ಮಾತು. 2024ರ ಮಾರ್ಚ್ 10ರಂದು ಹುಬ್ಬಳ್ಳಿಗೆ ಇನ್ನೊಂದು ಹೊಸ ಟರ್ಮಿನಲ್ಲಿಗೆ ಶಂಕುಸ್ಥಾಪನೆಯಾಯಿತು. ಕಟ್ಟಡ ಬೇಕು, ಬೇಡವೆನ್ನುವುದಿಲ್ಲ. ಆದರೆ ಕಟ್ಟಡ ದೊಡ್ಡದಾದರೆ ವಿಮಾನಗಳು ತಾವಾಗಿ ಬರುತ್ತವೆ ಎಂಬ ನಂಬಿಕೆಗೆ ಕಳೆದ ಎಂಟು ವರ್ಷಗಳ ಅನುಭವ ಆಧಾರ ಕೊಡುವುದಿಲ್ಲ. ಎರಡನೆಯ ಸಂಸ್ಥೆಯೊಂದು ಇಲ್ಲಿ ಬೇರೂರುವಂತೆ ಮಾಡುವುದು ಹೆಚ್ಚು ಮುಖ್ಯ. ಅದಕ್ಕೆ ರಾಜ್ಯ ಸರ್ಕಾರ ಮೂರು ವರ್ಷಕ್ಕೆ ಮುಗಿಯುವ ಸಹಾಯಧನಕ್ಕಿಂತ, ಆರಂಭದ ವರ್ಷಗಳಲ್ಲಿ ನಿಗದಿತ ಸಂಖ್ಯೆಯ ಸೀಟುಗಳನ್ನು ತಾನೇ ಖಾತರಿಯಾಗಿ ಕೊಳ್ಳುವ ದಾರಿ ನೋಡಬಹುದು. ಹೈಕೋರ್ಟ್ ಪೀಠ, ವಿಶ್ವವಿದ್ಯಾಲಯಗಳು, ಸರ್ಕಾರಿ ಕಚೇರಿಗಳ ಪ್ರಯಾಣವನ್ನೇ ಒಟ್ಟುಗೂಡಿಸಿದರೆ ಆ ಸೀಟುಗಳು ಖಾಲಿ ಹೋಗುವುದಿಲ್ಲ ಎಂಬುದು ನನ್ನ ಅಂದಾಜು.

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ರಾತ್ರಿ ತಂಗುವ ವಿಮಾನ. ರಾತ್ರಿ ವಿಮಾನ ತಂಗದ ಊರಿನ ಮೊದಲ ಹಾರಾಟ, ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ವಿಮಾನ ಬಂದ ಮೇಲೆಯೇ ಆರಂಭವಾಗುತ್ತದೆ. ಅದು ಬರುವ ಹೊತ್ತಿಗೆ ಕಚೇರಿ ಕೆಲಸಕ್ಕೆ ಹೋಗಿ ಸಂಜೆ ಮರಳುವವನ ಅರ್ಧ ದಿನ ಕಳೆದಿರುತ್ತದೆ. ವಿಮಾನ ಮತ್ತು ಸಿಬ್ಬಂದಿ ರಾತ್ರಿ ಇಲ್ಲೇ ತಂಗಿದರೆ ಬೆಳಿಗ್ಗೆ ಆರೂವರೆಗೆ ಹೊರಡಬಹುದು, ಹಿಂದಿನ ದಿನದ ತಡ ಮರುದಿನಕ್ಕೆ ಅಂಟುವುದಿಲ್ಲ, ದೂರದ ಸಂಪರ್ಕ ವಿಮಾನಗಳನ್ನು ಬೆಂಗಳೂರಿನಲ್ಲಿ ಹಿಡಿಯಲು ಸಾಕಷ್ಟು ಬಿಡುವು ಸಿಗುತ್ತದೆ. ಸಂಸ್ಥೆಗೆ ಇದರಿಂದ ಬರುವ ಖರ್ಚು ಸಿಬ್ಬಂದಿಯ ಹೋಟೆಲ್ ಕೋಣೆಗಳು ಮತ್ತು ಒಬ್ಬ ಎಂಜಿನಿಯರ್. ನಿಲ್ದಾಣಕ್ಕೆ ಬರುವ ಖರ್ಚು ಮುಂಜಾನೆ ಮತ್ತು ರಾತ್ರಿಯ ಪಾಳಿಗೆ ಬೇಕಾದ ಸಿಬ್ಬಂದಿ. ಬೇಸಿಗೆಯ ವೇಳಾಪಟ್ಟಿ ಮಾರ್ಚ್ ತಿಂಗಳ ಕೊನೆಯ ಭಾನುವಾರ, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರ ಆರಂಭವಾಗುತ್ತವೆ. ಸಂಸ್ಥೆಗಳು ಅವನ್ನು ಹೆಣೆದು ಅನುಮೋದನೆಗೆ ಕಳುಹಿಸುವುದು ತಿಂಗಳುಗಳ ಮೊದಲೇ. ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ, ಧಾರವಾಡದ ವಕೀಲರ ಸಂಘ, ಮೂರು ಜಿಲ್ಲೆಗಳ ಸಂಸದರು ತಮ್ಮ ಮನವಿಗಳನ್ನು ಹೊಸ ವೇಳಾಪಟ್ಟಿ ಹೊರಬಿದ್ದ ಮೇಲೆ ಕೊಡುವ ರೂಢಿ ಬಿಟ್ಟು, ಅದು ಹೆಣೆಯುವ ಮೊದಲೇ, ಯಾವ ಮಾರ್ಗಕ್ಕೆ, ಎಷ್ಟು ಗಂಟೆಗೆ, ವಾರಕ್ಕೆ ಎಷ್ಟು ಸೀಟು ಬೇಕು ಎಂಬ ಲೆಕ್ಕವನ್ನು ಬರೆದು ಸಂಸ್ಥೆಗಳ ಮೇಜಿಗೆ ತಲುಪಿಸಬೇಕಿದೆ.